ಹಿಡಿಯಲ್ಲಿರುವ ಭಾರ

ಧರ್ಮದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವುದು ಭಾರ ಇಳಿಸುವ ಮಾತು. ಸಂಸಾರ ಹೊರೆ, ಋಣ ಹೊರೆ, ಕಟ್ಟಳೆ ಹೊರೆ, ಕೊನೆಗೆ ದೇಹವೂ ಹೊರೆ. ಇವೆಲ್ಲ ಕಳಚಿದ ಮೇಲೆ ಸಿಗುವ ಹಗುರವೇ ಮುಕ್ತಿ ಎಂದು ತಲೆತಲಾಂತರದಿಂದ ಕೇಳುತ್ತಾ ಬಂದಿದ್ದೇವೆ. ಈಗ ಆ ಮಾತಿಗೆ ಹೊಸ ಬಲವೂ ಸೇರಿದೆ. ಹರಕೆ ಯಾಕೆ, ಕುಲದ ಕಟ್ಟಳೆ ಯಾಕೆ, ಮನೆದೇವರ ಕೆಲಸ ಯಾಕೆ, ಮನಸ್ಸೊಂದು ಶುದ್ಧವಾಗಿದ್ದರೆ ಸಾಲದೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಅದಕ್ಕೆ ಗದರಿಕೆಯಲ್ಲಿ ಉತ್ತರ ಕೊಡಬಾರದು, ಕಾರಣ ಕೊಟ್ಟು ಹೇಳಬೇಕು. ಮನುಷ್ಯ ಹೊತ್ತ ಭಾರ ಅವನ ಗುರಿಯನ್ನು ಕೆಡಿಸುತ್ತದೆಯೇ, ಕಾಯುತ್ತದೆಯೇ? ಈ ಪ್ರಶ್ನೆಯನ್ನು ಬಿಲ್ಲಿನ ಮೂಲಕ ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ ಎಂಬುದು ನನ್ನ ನಂಬಿಕೆ. ಹಾಗೆ ಕೇಳಲು ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರಕ್ಕಿಂತ ಸೂಕ್ತವಾದ ನೆಲ ಕಡಿಮೆ. ಆಂಧ್ರದ ಗಡಿಗೆ ಒತ್ತಿಕೊಂಡ ಈ ಒಣ ಸೀಮೆ, ಪಕ್ಕದ ಮೊಳಕಾಲ್ಮುರು ತಾಲ್ಲೂಕೂ ಸೇರಿದಂತೆ, ಬೇಟೆ ಮತ್ತು ದನಗಾವಲು ಎರಡನ್ನೂ ಬದುಕಾಗಿಸಿಕೊಂಡಿದ್ದ ಮ್ಯಾಸನಾಯಕರ ನಾಡು. ಬಿಲ್ಲು ಇಲ್ಲಿ ಪುರಾಣದ ಅಲಂಕಾರವಾಗಿರಲಿಲ್ಲ, ಹೆಗಲ ಮೇಲಿನ ಸಾಮಾನಾಗಿತ್ತು.

ಬಿಲ್ಲಿಗೆ ಎರಡು ಬಗೆಯ ಭಾರವಿದೆ. ಒಂದು ಸೆಳೆತ, ಅಂದರೆ ಹೆದೆಯನ್ನು ಕೆನ್ನೆಯವರೆಗೆ ಎಳೆಯಲು ಬೇಕಾಗುವ ಬಲ. ಬೇಟೆಯ ಬಿಲ್ಲಿನಲ್ಲಿ ಇದು 20 ಕಿಲೋ ತೂಕ ಎತ್ತುವಷ್ಟು ಇರಬಹುದು. ಬಾಣಕ್ಕೆ ವೇಗ ಬರುವುದು ಇದರಿಂದ. ಇನ್ನೊಂದು ಬಿಲ್ಲಿನ ಸ್ವಂತ ತೂಕ, ಅದನ್ನು ಚಾಚಿ ಹಿಡಿದ ಕೈ ಹೊರಬೇಕು. ಬಿದಿರಿನ ಅಥವಾ ಮರದ ಸಾದಾ ಬಿಲ್ಲು ಸಾಮಾನ್ಯವಾಗಿ 1 ಕಿಲೋಗಿಂತ ಹಗುರ. ಇಷ್ಟು ಅಲ್ಪ ತೂಕ ಗುರಿಗೆ ಏನು ಮಾಡೀತು ಎನಿಸಬಹುದು. ಲೆಕ್ಕ ಬೇರೆ ಹೇಳುತ್ತದೆ. ಒಲಿಂಪಿಕ್ ಸ್ಪರ್ಧೆಯಲ್ಲಿ ಗುರಿಹಲಗೆ 70 ಮೀಟರ್ ದೂರದಲ್ಲಿರುತ್ತದೆ, ಅದರ ನಡುವಿನ ಹತ್ತು ಅಂಕದ ವೃತ್ತದ ಅಗಲ 12.2 ಸೆಂಟಿಮೀಟರ್. ನಡುಬಿಂದುವಿಗೆ ಹಿಡಿದ ಗುರಿ ಆ ವೃತ್ತದಿಂದ ಹೊರಬೀಳಲು ಬಾಣದ ದಿಕ್ಕು ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ ತಪ್ಪಿದರೆ ಸಾಕು. ಬಿಲ್ಲು ಹಿಡಿದ ಕೈಯಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚಿನ ಅಲುಗಾಟ. ಹೆದೆ ಬಿಟ್ಟ ಮೇಲೂ ಬಾಣ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಬಿಲ್ಲಿನಲ್ಲೇ ಇರುತ್ತದೆ. ಆ ಕ್ಷಣದಲ್ಲಿ ಬೆರಳು ಜಾರುತ್ತದೆ, ಮುಂಗೈ ತಿರುಚುತ್ತದೆ, ಆರೋಗ್ಯವಂತನ ಕೈಯಲ್ಲೂ ಸೆಕೆಂಡಿಗೆ ಎಂಟು ಹತ್ತು ಬಾರಿ ಮೂಡುವ ಸಣ್ಣ ನಡುಕ ತನ್ನ ಪಾಡಿಗೆ ನಡೆದಿರುತ್ತದೆ. ಅದೇ ನಡುಕ ಹಗುರ ಬಿಲ್ಲನ್ನು ಸಲೀಸಾಗಿ ಅಲ್ಲಾಡಿಸುತ್ತದೆ. ತೂಕವುಳ್ಳ ಬಿಲ್ಲು ತನ್ನ ಜಡತ್ವದಿಂದ ಅದನ್ನು ತಡೆಯುತ್ತದೆ; ಅದು ತಿರುಗಲು ಶುರುಮಾಡುವಷ್ಟರಲ್ಲಿ ಬಾಣ ಹೊರಟುಹೋಗಿರುತ್ತದೆ. ಸ್ಪರ್ಧೆಯ ಬಿಲ್ಲುಗಾರರು ಹಿಡಿಗೆ ಉದ್ದನೆಯ ಸಲಾಕೆ ಬಿಗಿದು, ಅದರ ತುದಿಗೆ ಲೋಹದ ಬಿಲ್ಲೆ ಸೇರಿಸಿ, ಬಿಲ್ಲನ್ನು ಬೇಕೆಂದೇ 2 ಕಿಲೋ ದಾಟಿಸುವುದು ಈ ಕಾರಣಕ್ಕೆ.

ಹಾಗಾದರೆ ಭಾರ ಹೆಚ್ಚಿದಷ್ಟೂ ಗುರಿ ಹೆಚ್ಚುತ್ತದೆಯೇ ಎಂದರೆ ಅದೂ ಇಲ್ಲ, ಮತ್ತು ಬಿಲ್ಲು ಕಲಿಸುವ ಮುಖ್ಯ ಪಾಠ ಇರುವುದು ಇಲ್ಲಿಯೇ. ಭಾರ ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಕಳೆದ ಶತಮಾನದಲ್ಲಿ ಬಿಲ್ಲನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಪ್ರಮುಖರು. ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಬಾಣಕ್ಕೆ ಹೋಗುವುದಿಲ್ಲ, ಹೆದೆಯ ಜೊತೆ ಓಡಬೇಕಾದ ಬಿಲ್ಲಿನ ತೋಳುಗಳೂ ತಮ್ಮ ಪಾಲು ಕಿತ್ತುಕೊಳ್ಳುತ್ತವೆ ಎಂಬುದನ್ನು ಅವರು ಲೆಕ್ಕಕ್ಕೆ ತಂದರು. ತೋಳಿನ ತುದಿ ದಪ್ಪವಾದಷ್ಟೂ ಬಾಣ ಮಂದ. ಅದೇ ತೂಕ ನಡುವಿನ ಹಿಡಿಯಲ್ಲಿದ್ದರೆ ಬಾಣದಿಂದ ಏನನ್ನೂ ಕಸಿಯುವುದಿಲ್ಲ, ಕೈಯನ್ನು ಮಾತ್ರ ನಿಲ್ಲಿಸುತ್ತದೆ. ತಿಳಿದ ಬಿಲ್ಲುಗಾರ ಬಿದಿರಿನ ತುದಿಗಳನ್ನು ಹೆರೆದು ತೆಳುವಾಗಿಸಿ ನಡುವನ್ನು ದಪ್ಪವಾಗಿ ಬಿಡುತ್ತಾನೆ. ಇನ್ನೊಂದು ಮಿತಿ ದೇಹದ್ದು. ಹೊರಲಾರದ ತೂಕ ಹಿಡಿದ ತೋಳು ಬೇಗ ದಣಿಯುತ್ತದೆ, ದಣಿದ ತೋಳಿನ ನಡುಕ ಹೆಚ್ಚುತ್ತದೆ, ಆಗ ಭಾರ ಕೊಟ್ಟ ಸ್ಥಿರತೆಯನ್ನು ಭಾರವೇ ಕಸಿಯುತ್ತದೆ. ಒಟ್ಟಿನಲ್ಲಿ ಬಿಲ್ಲು ಹೇಳುವುದು ಮೂರು ಮಾತು: ಭಾರ ಬೇಕು, ಅದು ಹಿಡಿಯಲ್ಲಿರಬೇಕು, ಬಿಲ್ಲಿನ ತುದಿಯಲ್ಲಲ್ಲ, ಹೊರುವ ತೋಳಿನ ಅಳತೆಯನ್ನು ಮೀರಬಾರದು.

ಮರದ ಕೋಲಿಗೆ ಸಲ್ಲುವ ನಿಯಮವನ್ನು ಆತ್ಮದ ಮಾತಿಗೆ ತಂದು ಅಂಟಿಸುವುದು ಹೋಲಿಕೆಯ ಆಟವೆಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಹೋಲಿಕೆ ಪ್ರಮಾಣವಾಗುವುದಿಲ್ಲ. ಆದರೆ ಇಲ್ಲಿ ಎರಡೂ ಕಡೆ ಇರುವ ತೊಂದರೆ ಒಂದೇ. ಒಳ್ಳೆಯದನ್ನು ಮಾಡಬೇಕೆಂಬ ಸಂಕಲ್ಪಕ್ಕೂ ಅದನ್ನು ಮಾಡಿ ಮುಗಿಸುವುದಕ್ಕೂ ನಡುವೆ ಒಂದು ಗಳಿಗೆ ಇರುತ್ತದೆ. ಸಿಟ್ಟು, ಭಯ, ಆಸೆ, ಸಂಕೋಚ ನುಗ್ಗುವುದು ಆ ಗಳಿಗೆಯಲ್ಲಿ. ಹೆದೆ ಬಿಟ್ಟರೂ ಬಾಣ ಬಿಲ್ಲಿನಲ್ಲೇ ಇರುವ ಹೊತ್ತಿನಂತೆ, ಮನಸ್ಸು ನಿರ್ಧರಿಸಿದ್ದರೂ ಕೆಲಸ ಇನ್ನೂ ಕೈದಾಟಿರುವುದಿಲ್ಲ. ಮನಸ್ಸು ಶುದ್ಧವಾಗಿದ್ದರೆ ಸಾಕೆನ್ನುವವರು ಈ ಗಳಿಗೆಯನ್ನು ಮರೆಯುತ್ತಾರೆ. ಗುರಿಯನ್ನು ಸರಿಯಾಗಿ ಕಂಡ ಕಣ್ಣಿಗೂ ನಡುಗುವ ಕೈಯೇ ಗತಿ. ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡಿತೆಂಬ ಕಥೆಯನ್ನು ಏಕಾಗ್ರತೆಗೆ ಉದಾಹರಣೆಯಾಗಿ ಹೇಳುತ್ತೇವೆ, ಸರಿಯೇ. ಆದರೆ ಆ ನೋಟ ಬಾಣವಾಗಿ ತಲುಪಿದ್ದು ವರ್ಷಗಟ್ಟಲೆ ಬಿಲ್ಲು ಹೊತ್ತು ಪಳಗಿದ ತೋಳಿನ ಮೂಲಕ. ಸಂಕಲ್ಪವನ್ನು ಕೃತಿಯವರೆಗೆ ಅಲುಗದಂತೆ ಒಯ್ಯಲು ಮನುಷ್ಯನಿಗೆ ತನ್ನ ಕ್ಷಣಕ್ಷಣದ ಭಾವನೆಗಿಂತ ತೂಕವಾದದ್ದೊಂದು ಕೈಯಲ್ಲಿರಬೇಕು. ವ್ರತ, ಕಟ್ಟಳೆ, ಕೊಟ್ಟ ಮಾತು, ಒಪ್ಪಿಕೊಂಡ ಕರ್ತವ್ಯ, ಇವು ಕೊಡುವುದು ಆ ತೂಕವನ್ನು.

ಮ್ಯಾಸನಾಯಕರ ಬಾಳುವೆಯಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯಿದೆ. ಅವರ ಕುಲದ ನೆಲೆಗಳಾದ ಕಟ್ಟೆಮನೆಗಳಿಗೆ ಸೇರಿದ ದೇವರ ಎತ್ತುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿ ಬಿಸಿಲು ಮಳೆ ಎನ್ನದೆ ಹಿಂದೆಯೇ ಅಲೆಯುತ್ತಾನೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನದು. ಬರ ಬಿದ್ದು ಸ್ವಂತ ದನಕ್ಕೇ ಮೇವಿಲ್ಲದ ವರ್ಷವೂ ದೇವರ ಎತ್ತಿಗೆ ಮೇವು ಹೊಂದಿಸಬೇಕು. ಲಾಭನಷ್ಟದ ಲೆಕ್ಕದಲ್ಲಿ ಇದು ಬರೀ ಹೊರೆ. ಆದರೆ ಈ ಹೊರೆ ಆ ಸಮುದಾಯಕ್ಕೆ ಮಾಡಿದ್ದೇನು ಎಂದು ನೋಡಬೇಕು. ಬೇಟೆಯ ಪರಂಪರೆಯ ಜನ ಕೊಲ್ಲಬಾರದ, ದುಡಿಸಿಕೊಳ್ಳಬಾರದ, ಹಣ ಮಾಡಿಕೊಳ್ಳಬಾರದ ಜೀವವೊಂದನ್ನು ತಮ್ಮ ನಡುವೆಯೇ ಇಟ್ಟುಕೊಂಡರು. ಕೋಳಿ, ಹಂದಿ ತಿನ್ನಬಾರದು, ಹೆಂಡ ಮುಟ್ಟಬಾರದು ಎಂಬ ಅವರ ಹಳೆಯ ಕಟ್ಟಳೆಗಳನ್ನೂ ಇದರ ಜೊತೆಗಿಟ್ಟು ನೋಡಿ. ಎಲ್ಲವನ್ನೂ ಹೊಡೆದು ತಿನ್ನಬಲ್ಲ ಕೈಗೆ ಎಲ್ಲವನ್ನೂ ಹೊಡೆಯಬಾರದೆಂಬ ತೂಕ ಕಟ್ಟಿದಂತಾಯಿತು. ಹಸಿದಾಗ ಮನಸ್ಸಿಗೆ ತೋಚಿದ್ದನ್ನು ಮಾಡದಂತೆ ತಡೆಯುವ ಶಕ್ತಿ ಉಪದೇಶದಿಂದ ಬರುವುದು ಅಪರೂಪ. ದಿನಾ ಹೊತ್ತು ಅಭ್ಯಾಸವಾದ ಹೊಣೆಯಿಂದ ಅದು ಬರುತ್ತದೆ.

ಗೌರಸಮುದ್ರದ ಮಾರಮ್ಮನ ಹರಕೆಯನ್ನೂ ಇದೇ ಕಣ್ಣಿನಿಂದ ನೋಡಬೇಕೆಂಬುದು ನನ್ನ ವಾದ. ಜಾತ್ರೆಯಲ್ಲಿ ದೇವಿಯನ್ನು ತುಮಲು ಎಂಬ ಜಾಗಕ್ಕೆ ಕರೆತಂದಾಗ ಕರ್ನಾಟಕ, ಆಂಧ್ರ ಎರಡೂ ಕಡೆಯ ಜನ ನೆರೆಯುತ್ತಾರೆ, ಹೊಲದಲ್ಲಿ ಬೆಳೆದ ಈರುಳ್ಳಿಯನ್ನು ಅಮ್ಮನತ್ತ ತೂರಿ ಹರಕೆ ತೀರಿಸುತ್ತಾರೆ. ಇದು ದೇವರ ಜೊತೆ ನಡೆಸುವ ವ್ಯಾಪಾರ, ಕೊಟ್ಟರೆ ಕೊಡುತ್ತೇನೆಂಬ ಕರಾರು ಎಂದು ಹೀಗಳೆಯುವವರಿದ್ದಾರೆ. ಕೆಲವರ ಪಾಲಿಗೆ ಅದು ಹಾಗೆಯೇ ಇರಬಹುದು. ಆದರೂ ವ್ಯಾಪಾರದಲ್ಲಿ ಇಲ್ಲದ್ದೊಂದು ಇಲ್ಲಿದೆ. ಹರಕೆ ಹೊತ್ತವರನ್ನು ಕೇಳಿ ವಸೂಲು ಮಾಡುವವರು ಯಾರೂ ಇಲ್ಲ. ಕಾಯಿಲೆ ವಾಸಿಯಾದ ಮೇಲೆ, ಬೆಳೆ ಕೈಗೆ ಬಂದ ಮೇಲೆ, ಮರೆತುಬಿಡುವುದು ಸುಲಭವಾದ ಹೊತ್ತಿನಲ್ಲಿ, ಕಷ್ಟದಲ್ಲಿದ್ದಾಗ ಆಡಿದ ಮಾತನ್ನು ಸುಖದಲ್ಲಿ ನೆನೆದು ನಡೆಸಬೇಕು. ಈರುಳ್ಳಿಯ ಬೆಲೆ ಎಷ್ಟೇ ಆಗಲಿ, ಅಷ್ಟು ಕಾಲ ಆ ಮಾತನ್ನು ಬಿಡದೆ ಹೊತ್ತದ್ದು ದೊಡ್ಡದು. ಅದು ಹಿಡಿಯಲ್ಲಿನ ಭಾರ. ಯಾರ ಹರಕೆ ದೊಡ್ಡದು, ಯಾರ ಮನೆಯ ಗಾಡಿ ಮುಂದೆ ಹೋಗಬೇಕು, ಯಾರ ಹೆಸರಿನ ಫಲಕ ಎತ್ತರ ಎಂಬ ಪೈಪೋಟಿ ಯಾವ ಜಾತ್ರೆಗೆ ಬಂದರೂ ಭಾರ ತುದಿಗೆ ಸರಿಯುತ್ತದೆ. ಆಗ ಸಾಲ ಮಾಡಿ ಹಬ್ಬ ಮಾಡಿದವನಿಗೆ ದಣಿವು ಉಳಿಯುತ್ತದೆ, ಭಕ್ತಿ ಮಂದವಾಗುತ್ತದೆ. ಆಚರಣೆಯನ್ನು ಸುಧಾರಿಸಬೇಕೆನ್ನುವವರು ಇಲ್ಲಿ ತುದಿಯನ್ನು ಹೆರೆಯಲಿ, ಹಿಡಿಯನ್ನು ಕತ್ತರಿಸಬಾರದು.

ಅಳತೆಯ ಮಾತಿಗೂ ಈ ಸೀಮೆಯಲ್ಲೇ ಪ್ರಮಾಣವಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ; ಶಾಸನತಜ್ಞ ಬಿ. ಎಲ್. ರೈಸ್ ಅವು ಬೆಳಕಿಗೆ ಬರುವಂತೆ ಮಾಡಿದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಕಳಿಸಿದ ಆ ಸಂದೇಶದಲ್ಲಿ ಎರಡು ಸಂಗತಿ ಗಮನಿಸಬೇಕು. ಸ್ವರ್ಗ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಚಿಕ್ಕವನೂ ಪ್ರಯತ್ನಪಟ್ಟರೆ ಪಡೆಯಬಹುದು ಎಂಬುದು ಒಂದು. ತಂದೆತಾಯಿಯರ ಮಾತು ನಡೆಸಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಇನ್ನೊಂದು. ಸಾಮ್ರಾಟನೊಬ್ಬ ಸ್ವರ್ಗದ ಮಾತಾಡುವಾಗ ಯಜ್ಞ, ದಿಗ್ವಿಜಯ, ಘೋರ ತಪಸ್ಸು ಹೇಳದೆ ಮನೆಯಲ್ಲಿ, ಹೊಲದಲ್ಲಿ, ದಾರಿಯಲ್ಲಿ ಯಾರೂ ಹೊರಬಹುದಾದ ಭಾರಗಳನ್ನೇ ಹೇಳಿದ್ದಾನೆ. ಚಿಕ್ಕವನ ತೋಳಿಗೂ ಒಪ್ಪುವ ಬಿಲ್ಲು ಅದು. ಆದರೂ ಅದು ಭಾರವೇ. ಅದಕ್ಕೇ ಪ್ರಯತ್ನ ಬೇಕೆಂದು ಒತ್ತಿ ಹೇಳಲಾಗಿದೆ. ಭಾರವನ್ನು ಚಿಕ್ಕವರ ಅಳತೆಗೆ ತಂದದ್ದೇ ಆ ಬಂಡೆಯ ಮೇಲಿನ ಅಕ್ಷರಗಳ ಹಿರಿಮೆ. ಭಾರವೇ ಬೇಡವೆಂದು ಅವು ಎಲ್ಲೂ ಹೇಳುವುದಿಲ್ಲ.

ವೇದಾಂತಿಯ ಆಕ್ಷೇಪ ಇದಕ್ಕಿಂತ ಆಳವಾದದ್ದು. ಮುಂಡಕ ಉಪನಿಷತ್ತು ಓಂಕಾರವನ್ನು ಬಿಲ್ಲೆಂದೂ ಆತ್ಮವನ್ನು ಬಾಣವೆಂದೂ ಬ್ರಹ್ಮವನ್ನು ಗುರಿಯೆಂದೂ ಕರೆಯುತ್ತದೆ. ಗುರಿ ಸೇರುವುದು ಬಾಣ, ಬಿಲ್ಲು ಹಿಂದೆಯೇ ಉಳಿಯುತ್ತದೆ; ಅಲ್ಲಮಪ್ರಭು ತೋರಿದ ಬಯಲಿನಲ್ಲಿ ಬಿಲ್ಲಿಗೆಲ್ಲಿಯ ಜಾಗ ಎಂದು ವೇದಾಂತಿ ಕೇಳಬಹುದು. ಒಪ್ಪಿದೆ. ಆದರೆ ಬಿಲ್ಲು ಹಿಂದೆ ಉಳಿಯುವುದು ಬಾಣ ಹೊರಟ ಮೇಲೆ. ಮಹಾಭಾರತದ ಗಾಂಡೀವದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ಕುರುಕ್ಷೇತ್ರದಲ್ಲಿ ಬಂಧುಗಳನ್ನು ಕಂಡ ಅರ್ಜುನನ ಕೈಯಿಂದ ಗಾಂಡೀವ ಜಾರುತ್ತದೆ. ಯದುಕುಲ ಅಳಿದ ಮೇಲೆ ದ್ವಾರಕೆಯ ಹೆಂಗಸರನ್ನು ಕರೆದೊಯ್ಯುವಾಗ ಕಳ್ಳರು ಮುತ್ತಿದರೆ ಅದೇ ಬಿಲ್ಲಿಗೆ ಹೆದೆಯೇರಿಸಲು ಅವನು ಒದ್ದಾಡುತ್ತಾನೆ, ಅಸ್ತ್ರಗಳು ನೆನಪಿಗೆ ಬರುವುದಿಲ್ಲ. ಕೊನೆಗೆ ಮಹಾಪ್ರಸ್ಥಾನದಲ್ಲಿ ಅಗ್ನಿಯ ಮಾತಿನಂತೆ ಅದನ್ನು ನೀರಿಗೆ ಬಿಡುತ್ತಾನೆ. ವರುಣನದು ವರುಣನಿಗೆ ಸೇರುತ್ತದೆ. ಮೂರು ಸಲವೂ ಬಿಲ್ಲಿನ ತೂಕ ಒಂದೇ. ಮೊದಲ ಸಲ ಮನಸ್ಸು ಸೋತಿತ್ತು, ಎರಡನೆಯ ಸಲ ತೋಳು ಸೋತಿತ್ತು, ಮೂರನೆಯ ಸಲ ಕೆಲಸ ಮುಗಿದಿತ್ತು. ಗೀತೆ ಹುಟ್ಟಿದ್ದು ಮೊದಲ ಸಲಕ್ಕೆ ಉತ್ತರವಾಗಿ, ಮತ್ತು ಅದು ಬಿಲ್ಲನ್ನು ಮತ್ತೆ ಎತ್ತಿಸಿತು. ಫಲದ ಆಸೆ ಬಿಡು ಎಂದ ಕೃಷ್ಣ ಕೆಲಸ ಬಿಡು ಎನ್ನಲಿಲ್ಲ. ದಣಿವಿನಿಂದಲೋ ಹೆದರಿಕೆಯಿಂದಲೋ ಜಾರಿದ ಬಿಲ್ಲನ್ನು ವೈರಾಗ್ಯವೆಂದು ಕರೆದುಕೊಳ್ಳುವುದು ಸುಲಭ. ನಿಜವಾದ ತ್ಯಾಗ ಹೊತ್ತು ಮುಗಿಸಿದ್ದನ್ನು ಅದರ ಒಡೆಯನಿಗೆ ಒಪ್ಪಿಸುವುದು.

ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಆಕ್ಷೇಪ ಗ್ರಂಥಗಳಿಂದ ಬರುವುದಿಲ್ಲ, ಊರುಕೇರಿಯಿಂದ ಬರುತ್ತದೆ. ಭಾರ ಒಳ್ಳೆಯದೆಂದು ಹೇಳುವವರು ಸಾಮಾನ್ಯವಾಗಿ ಅದನ್ನು ಬೇರೆಯವರ ತಲೆಯ ಮೇಲೆ ಹೊರಿಸಿದವರು. ಧರ್ಮದ ಹೆಸರಿನಲ್ಲಿ ಹೆಣ್ಣುಮಕ್ಕಳ ಮೇಲೆ, ದಲಿತರ ಮೇಲೆ ಹೇರಿದ ಕಟ್ಟಳೆಗಳ ಲೆಕ್ಕ ಯಾರಿಟ್ಟಿದ್ದಾರೆ? ಬೇಡರ ಹುಡುಗನ ಕಥೆಯೂ ಮುಂದಿದೆ: ತಾನೇ ಕಲಿತ ಏಕಲವ್ಯನ ಹೆಬ್ಬೆರಳನ್ನು ಗುರುದಕ್ಷಿಣೆಯಾಗಿ ಕೇಳಲಾಯಿತು. ದೇಹವೂ ಇದಕ್ಕೆ ಸಾಕ್ಷಿ ಹೇಳುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕವು, ಹಲವು 45 ಕಿಲೋ ಮೀರಿದ ಸೆಳೆತದವು ಎಂದು ಅಂದಾಜು. ಜೊತೆಗೆ ಸಿಕ್ಕ ಕೆಲವು ಅಸ್ಥಿಪಂಜರಗಳಲ್ಲಿ ಹೆಗಲೆಲುಬಿನ ತುದಿ ಕೂಡಿಕೊಂಡಿರಲಿಲ್ಲ. ಚಿಕ್ಕಂದಿನಿಂದ ಬಿಗಿ ಬಿಲ್ಲು ಸೆಳೆದದ್ದೇ ಕಾರಣವಿರಬೇಕೆಂದು ಸಂಶೋಧಕರು ವಾದಿಸಿದ್ದಾರೆ. ಭಾರ ಮನುಷ್ಯನನ್ನು ಮುರಿಯಲೂಬಲ್ಲದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ನನ್ನ ವಾದವೇ ಅದಕ್ಕೆ ಆಧಾರ ಕೊಡುತ್ತದೆ ಎನ್ನುತ್ತೇನೆ. ಬಿಲ್ಲಿನ ತೂಕ ಸರಿಯಿದೆಯೇ ಎಂದು ಹೇಳುವ ಹಕ್ಕು ಹಿಡಿದ ತೋಳಿನದು, ದೂರ ನಿಂತು ನೋಡುವವನದಲ್ಲ. ಗುರಿ ಯಾರದೋ, ಭಾರ ಯಾರದೋ ಆದಾಗ ಅದು ಹೊರುವವರ ಕೈಯನ್ನು ನಿಲ್ಲಿಸುವುದಿಲ್ಲ, ಕಟ್ಟಿಹಾಕುತ್ತದೆ. ಏಕಲವ್ಯನಿಗೆ ಭಾರ ಹೊರಿಸಲಿಲ್ಲ, ಹೊರುವ ಬೆರಳನ್ನೇ ಕಿತ್ತುಕೊಂಡರು. ಹೀಗಾಗಿ ಯಾವ ಕಟ್ಟಳೆಯನ್ನಾದರೂ ಪರೀಕ್ಷಿಸಲು ಮೂರು ಪ್ರಶ್ನೆ ಸಾಕು: ಇದನ್ನು ಹೊರುವವರು ಒಪ್ಪಿದ್ದಾರೆಯೇ, ಇದು ಅವರ ಗುರಿಯನ್ನೇ ಕಾಯುತ್ತದೆಯೇ, ಹೊರಲಾಗದ ದಿನ ಇಳಿಸಲು ಅವರಿಗೆ ಬಿಡುವಿದೆಯೇ. ಮೂರರಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಆ ಕಟ್ಟಳೆಗೆ ಧರ್ಮವೆಂಬ ಹೆಸರು ಸಲ್ಲದು.

ಕೊಲ್ಲುವ ಸಾಧನದಿಂದ ಧರ್ಮದ ಪಾಠ ಕಲಿಯುವುದು ಸರಿಯೇ ಎಂಬ ಪ್ರಶ್ನೆ ಉಳಿಯಿತು. ದಯೆಯನ್ನು ಬಂಡೆಯ ಮೇಲೆ ಬರೆಸಿದ ಅಶೋಕನೇ ದೂರದ ಕಂದಹಾರದ ಶಾಸನದಲ್ಲಿ ರಾಜನ ಬೇಟೆಗಾರರು, ಮೀನುಗಾರರು ಆ ಕೆಲಸ ನಿಲ್ಲಿಸಿದರೆಂದು ಹೇಳಿಸಿದ್ದಾನೆ. ನಮ್ಮ ಕಾಲದಲ್ಲೂ 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿದೆ, ನಿಲ್ಲಿಸಿದ್ದು ಸರಿ. ಆದರೆ ಬೇಟೆ ನಿಂತರೂ ಬೇಡನ ಕೈ ಕಲಿತದ್ದು ವ್ಯರ್ಥವಾಗಬೇಕಿಲ್ಲ. ಹರಿಹರ ರಗಳೆಯಾಗಿ ಬರೆದ ಬೇಡ ಕಣ್ಣಪ್ಪನ ಕಥೆ ಇದನ್ನು ತೋರಿಸುತ್ತದೆ. ದಕ್ಷಿಣದ ಶೈವರು ಹೇಳಿಕೊಂಡು ಬಂದಂತೆ, ಅವನ ಕೈಗಳಲ್ಲಿ ಬಿಲ್ಲು, ಬಾಣ, ಮಾಂಸ ತುಂಬಿದ್ದರಿಂದ ಅಭಿಷೇಕದ ನೀರನ್ನು ಬಾಯಲ್ಲಿ ತುಂಬಿ ತಂದ. ಬಿಲ್ಲು ಕೆಳಗಿಟ್ಟು ಬಾ ಎಂದು ಶಿವ ಕೇಳಲಿಲ್ಲ. ತನ್ನ ಒಂದು ಕಣ್ಣು ಕಿತ್ತು ಲಿಂಗಕ್ಕಿಟ್ಟ ಮೇಲೆ, ಎರಡನೆಯದನ್ನೂ ಕಿತ್ತರೆ ಇಡುವ ಜಾಗ ಕಾಣದೆಂದು ಅವನು ತನ್ನ ಕಾಲನ್ನು ಅಲ್ಲಿ ಗುರುತಿಗೆ ಊರಿದ. ಭಕ್ತಿಯ ಆವೇಶದ ತುತ್ತತುದಿಯಲ್ಲೂ ಗುರಿ ತಪ್ಪಬಾರದೆಂಬ ಎಚ್ಚರ ಅದು, ಬೇಟೆಗಾರನ ಎಚ್ಚರ. ಪ್ರಾಣಿಯ ಮೇಲಿದ್ದ ಗುರಿ ದೇವರತ್ತ ತಿರುಗಿತು. ಕೈ ಮಾತ್ರ ಅದೇ ಕೈ. ಹಿಂಸೆಯನ್ನು ಬಿಟ್ಟು ಸ್ಥಿರತೆಯನ್ನು ಉಳಿಸಿಕೊಳ್ಳಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಉಜ್ವಲವಾದ ಕಥೆ ನಮ್ಮಲ್ಲಿಲ್ಲ.

ಹಳ್ಳಿ ಬಿಟ್ಟು ಬೆಂಗಳೂರು ಸೇರಿದ ಮಗ ಮನೆದೇವರ ಕೆಲಸಕ್ಕೆ ಪಾಲು ಹಾಕಬೇಕೇ, ಅಜ್ಜಿ ಹೊತ್ತ ಹರಕೆಯನ್ನು ಮೊಮ್ಮಗಳು ತೀರಿಸಬೇಕೇ, ದೇವರ ಎತ್ತಿಗೆ ಮೇವು ಕೊಡುವ ಪದ್ಧತಿ ಈ ಕಾಲಕ್ಕೂ ಬೇಕೇ ಎಂದು ಇಂದಿನ ಮನೆಗಳು ಕೇಳಿಕೊಳ್ಳುತ್ತಿವೆ. ಇವಕ್ಕೆಲ್ಲ ಒಂದೇ ಉತ್ತರವಿಲ್ಲ. ಆದರೆ ಹಗುರವಾಗುವುದೇ ಬಿಡುಗಡೆ ಎಂಬ ಒಂದೇ ಕಾರಣಕ್ಕೆ ಬಿಟ್ಟುಬಿಡುವುದು ತಪ್ಪು. ಹೊಣೆಯಿಲ್ಲದ ಮನಸ್ಸು ಮುಕ್ತವಾಗಿರುವುದಿಲ್ಲ, ಬೀಸಿದ ಗಾಳಿಗೆಲ್ಲ ಅಲುಗುತ್ತದೆ. ಇವತ್ತು ಈ ಕೋಪಕ್ಕೆ, ನಾಳೆ ಆ ಜಾಹೀರಾತಿಗೆ, ನಾಡಿದ್ದು ಇನ್ನೊಬ್ಬರ ಹೊಗಳಿಕೆಗೆ. ತೋರಿಕೆಯ ಭಾರವನ್ನು ಧೈರ್ಯವಾಗಿ ಹೆರೆದುಹಾಕೋಣ. ಯಾರೋ ಹೇರಿದ ಭಾರವನ್ನು ಹೊತ್ತವರ ಜೊತೆ ನಿಂತು ಇಳಿಸೋಣ. ಇವೆರಡನ್ನೂ ಮಾಡಿದ ಮೇಲೆ ಉಳಿಯುವ ಭಾರವೊಂದಿದೆ: ಒಪ್ಪಿ ಹೊತ್ತದ್ದು, ತೋಳಿಗೆ ತಕ್ಕದ್ದು, ಹಿಡಿಯ ನಡುವೆ ನಿಂತದ್ದು. ಅದನ್ನು ಕೆಲಸ ಮುಗಿಯುವವರೆಗೆ ಇಳಿಸಬಾರದು. ಒಳ್ಳೆಯ ಮನಸ್ಸು ಒಳ್ಳೆಯ ಕೆಲಸವಾಗಿ ತಲುಪಲು ಮನುಷ್ಯನಿಗೆ ಇರುವ ಭರವಸೆಯ ದಾರಿ ಅದು.